ತಕ್ಕಡಿ ರಿಪೇರಿ

ಗಾಂಧಿ ಬಜಾರಿನ ಹಿಂದಿನ ಸಂದಿಯಲ್ಲಿ
ಇಪ್ಪತ್ತೊಂದು ವರ್ಷದಿಂದ ನನ್ನದು ಇದೇ ಕೆಲಸ:
ತೂಕದ ಕಲ್ಲಿನ ತಳದ ತೂತಿಗೆ ಸೀಸ ಕಾಯಿಸಿ ಹುಯ್ಯುವುದು,
ಮುಳ್ಳು ವಾಲಿದರೆ ನೆಟ್ಟಗೆ ತರುವುದು,
ಬೆಲ್ಲದಂಗಡಿಯವರ ಸುಳ್ಳನ್ನು
ಅವರೆದುರೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಕೊಡುವುದು.

ಅದಕ್ಕೇ, ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ
ಇಂಪನಾಳನ್ನು ಮೊದಲ ಸಲ ತೂಕಕ್ಕೆ ನಿಲ್ಲಿಸಿದಾಗ
ಎಲ್ಲರೂ ಅವಳನ್ನು ನೋಡಿದರು, ನಾನು ಮುಳ್ಳನ್ನು.
ಅವಳು ಇಳಿದ ಮೇಲೂ ಅದು ಸೊನ್ನೆಗೆ ಮರಳಲಿಲ್ಲ.
"ಸಿಸ್ಟರ್, ಇದು ಇನ್ನೂರು ಗ್ರಾಂ ಜಾಸ್ತಿ ಹೇಳ್ತದೆ."
ಆಕೆ ನಕ್ಕರು.
ತೂಕ, ಎತ್ತರ ನೋಡಿಯೇ ಅಲ್ಲವೇ ಮದ್ದಿನ ಲೆಕ್ಕ?
ಸಂತೆಯಲ್ಲಾದರೆ ಇನ್ನೂರು ಗ್ರಾಂ ಅಂದರೆ
ಎರಡು ಹಿಡಿ ಹುರುಳಿಕಾಯಿ.
ಇಲ್ಲಿ?
ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಮಂಡಿಯೂರಿದೆ.
ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ
ನನಗೆ ಬರುತ್ತಿದ್ದದ್ದು ಅದೊಂದೇ.

ವಾಪಸು ಬರುವಾಗ ಆಗುಂಬೆ ಘಾಟಿ. ಹದಿನಾಲ್ಕು ತಿರುವು.
ನಾಲ್ಕರಲ್ಲಿ ಇಡ್ಲಿ ಹೋಯಿತು, ಏಳರಲ್ಲಿ ನೀರು,
ಹತ್ತರ ಹೊತ್ತಿಗೆ ಹೋಗಲು ಏನೂ ಇರಲಿಲ್ಲ,
ಹೊಟ್ಟೆ ಮಾತ್ರ ತಿರುವುತ್ತಲೇ ಇತ್ತು.
ಮಿನಿಬಸ್ಸಿನ ದೇಜಪ್ಪ ಕೇಳದೆಯೇ ನಿಲ್ಲಿಸಿದ,
ಹಿಂದಿರುಗಿ ನೋಡಲಿಲ್ಲ.
ಸೂರ್ಯಾಸ್ತಕ್ಕೆ ತಡವಾದವರ ಕಾರುಗಳು
ಹಾರ್ನ್ ಹೊಡೆದು ನಮ್ಮನ್ನು ದಾಟಿ ಹೋದವು.

ಬಾಯಿ ಹುಣ್ಣಾದ ವಾರ
ಗಂಜಿಯೂ ಉರಿ, ಮಜ್ಜಿಗೆಯೂ ಉರಿ, ಸ್ವಂತ ಎಂಜಲೂ ಉರಿ.
ತುಪ್ಪ ಸವರಲು ಹೋದ ರತ್ನಾಕ್ಷಿಯ ಬೆರಳು ಕಚ್ಚಿದಳು.
ದಿಂಬಿನ ಚೀಲದೊಳಗೆ ಸಿಕ್ಕವು ನಾಲ್ಕು ಮಾತ್ರೆ,
ಅರ್ಧ ಕರಗಿದವು, ದವಡೆಯಲ್ಲಿ ಅಡಗಿಸಿ ಉಗಿದವು.
ಬೈದೆ. ಕೈಯೆತ್ತಿದೆ ಕೂಡ.
ಆ ಕೈಯ ಭಾರ ಇನ್ನೂ ಇಳಿದಿಲ್ಲ.

ಆಮೇಲೆ ಸ್ಟಿರಾಯ್ಡ್.
ರಾತ್ರಿ ಎರಡೂವರೆಗೆ ಎದ್ದು, "ಉಪ್ಪಿಟ್ಟು."
ಮೂರೂಕಾಲಿಗೆ, "ಇದಲ್ಲ, ನಿನ್ನೆಯ ಉಪ್ಪಿಟ್ಟು."
ನಾಲ್ಕಕ್ಕೆ ಅವ್ವನ ಜಡೆ ಹಿಡಿದೆಳೆದು ಅತ್ತು
ತಟ್ಟೆಯ ಮುಂದೆಯೇ ನಿದ್ದೆ.
ಕೆನ್ನೆ ಊದಿತು. ಓಣಿಯವರು ಕಿಟಕಿಯಾಚೆಯಿಂದಲೇ ಅಂದರು,
"ಮೈಕೈ ತುಂಬಿಕೊಂಡಿದಾಳೆ, ಇನ್ನೇನು ಗುಣ ಆದ ಹಾಗೇ."
ಹೌದು ಎಂದೆವು.
ಎರಡು ಕಿಲೋ ಏರಿದೆ; ಅದರಲ್ಲಿ ಮಗಳದೆಷ್ಟು, ಮದ್ದಿನದೆಷ್ಟು?
ಕಳ್ಳತೂಕ ಹಿಡಿಯುವುದರಲ್ಲಿ ಪೇಟೆಗೇ ಹೆಸರಾದವನು ನಾನು.

ಉದುರಿದ ಕೂದಲನ್ನು ಒಂದಿನ ತಾನೇ ಒಟ್ಟುಮಾಡಿ,
ಚಿನ್ನದಂಗಡಿಯಿಂದ ರಿಪೇರಿಗೆ ಬಂದಿದ್ದ
ಪುಟ್ಟ ತಕ್ಕಡಿಯ ತಟ್ಟೆಗೆ ಹಾಕಿದಳು.
ಮುಳ್ಳು ತುಸುವೇ ಅಲುಗಿತು.
"ಇಷ್ಟೇನಾ?" ಎಂದಳು, ವ್ಯಾಪಾರ ಗಿಟ್ಟದವಳ ಹಾಗೆ,
"ಇಷ್ಟಕ್ಕೆ ಅವ್ವ ಯಾಕೆ ಅತ್ತಿದ್ದು?"

ಈ ಸೋಮವಾರ ರಕ್ತದ ಲೆಕ್ಕ ಸರಿ ಬಂತು.
ಹೊರಗೆ ಕರೆದೊಯ್ಯಬಹುದು ಅಂದರು, ಅಂಗಡಿಗೆ ಕರೆತಂದೆ.
ಮದ್ದು ಪಾದದ ನರ ಹಿಡಿದಿದೆ; ಹೆಜ್ಜೆ ಎಳೆದೆಳೆದು ಹಾಕುತ್ತಾಳೆ.
ಎತ್ತಿಕೊಂಡರೆ ಸಿಟ್ಟು. ಬಿಟ್ಟರೆ ಬೀಳುತ್ತಾಳೆ.
ಮೂಲೆಯಲ್ಲಿ ತೊಲೆಗೆ ನೇತುಬಿಟ್ಟ, ಮೂಟೆಗಳ ಹಳೇ ತಕ್ಕಡಿ,
ಕೊಟ್ಟವರು ಬಿಡಿಸಿಕೊಂಡು ಹೋಗದ್ದು.
ಅದರ ಹಲಗೆ ಹತ್ತಿ, ಸರಪಳಿ ಹಿಡಿದು ಕೂತಳು.
ಅಭ್ಯಾಸಬಲ, ಹತ್ತು ಕಿಲೋದ ಕಲ್ಲು ಎತ್ತಿದೆ,
ಐದರದಕ್ಕೆ ಕೈ ಚಾಚಿದೆ.

"ಕಲ್ಲು ಬೇಡ," ಅಂದಳು.
"ಎಷ್ಟು ಅಂತ ಹೇಳ್ಬೇಡ. ಸುಮ್ನೆ ತೂಗು."

ಎದುರಿನ ಹಲಗೆಯನ್ನು ಅಂಗೈಯಲ್ಲೇ ಒತ್ತಿದೆ.
ಅವಳು ನೆಲ ಬಿಟ್ಟು ಮೇಲೆದ್ದಳು.
ಸರಪಳಿ ಕಿರ್ರೆಂದಿತು; ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ.
ಎಷ್ಟು ಎಂದು ಅಂಗೈಗೆ ಗೊತ್ತಾಯಿತು.
ಹೇಳಲಿಲ್ಲ.
ತೂಗಿದೆ.